ಪಂಪ್‌ಹೌಸಿನ ತಾಮ್ರಕ್ಕೆ ವಿದ್ಯುತ್ ಬೇಲಿ ಕಾವಲಾದೀತೆ?

ಹೂಮಳೆ ಕೈಕೊಟ್ಟಾಗ ಕಾಫಿಗೆ ಸ್ಪ್ರಿಂಕ್ಲರ್ ಹೂಡಲು ಹೋದರೆ ಪಂಪಿನ ಕೇಬಲೇ ಮಾಯ! ಕಳ್ಳನಿಗೆ ಸಿಗುವುದು ಗುಜರಿ ತೂಕದ ಹಣ. ಬೆಳೆಗಾರನಿಗೆ ಹೋಗುವುದು ವರ್ಷದ ಹೂವು. ಅಡಿಕೆ ತೋಟದವರ ಪಾಡೂ ಬೇರೆಯಲ್ಲ. ಈ ಸಿಟ್ಟಿನಲ್ಲಿ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟು ಕೊಡುವ ಮಾತು ಬರುವುದುಂಟು. ಇದನ್ನು ಖಂಡಿತ ಮಾಡಕೂಡದು.

230 ವೋಲ್ಟಿನ ತಂತಿ ಹಿಡಿದವನ ಕೈ ಸೆಟೆದುಕೊಳ್ಳುತ್ತದೆ, ಬಿಡಿಸಿಕೊಳ್ಳಲಾಗದು. ಸೋಲಾರ್ ಬೇಲಿಯ ಎನರ್ಜೈಸರಿನಲ್ಲಿ 5ರಿಂದ 10 ಸಾವಿರ ವೋಲ್ಟು ಇದ್ದರೂ ಅದು ಸೆಕೆಂಡಿಗೊಮ್ಮೆ, ಸೆಕೆಂಡಿನ ನೂರನೇ ಒಂದು ಭಾಗಕ್ಕೂ ಕಡಿಮೆ ಹೊತ್ತು ಹೊಡೆದು ನಿಲ್ಲುತ್ತದೆ. ಆ ಬಿಡುವಿನಲ್ಲಿ ಕೈ ಹಿಂದಕ್ಕೆ ಬರುತ್ತದೆ. ಪ್ರಾಣ ಉಳಿಸುವುದು ಈ ಬಿಡುವು. ಬೇಲಿಯನ್ನು ಮೊದಲು ಮುಟ್ಟುವವನು ಕಳ್ಳನೇ ಆಗಬೇಕೆಂದಿಲ್ಲ. ನಸುಕಿನಲ್ಲಿ ಸೌದೆಗೆ ಬಂದ ಹೆಂಗಸಾಗಬಹುದು, ಬಿದ್ದ ಅಡಿಕೆ ಹೆಕ್ಕುವ ಮಗುವಾಗಬಹುದು. ಸತ್ತವನು ಕಳ್ಳನೇ ಆದರೂ ಭಾರತೀಯ ನ್ಯಾಯ ಸಂಹಿತೆ, 2023ರ 105ನೇ ಕಲಮಿನಡಿ ಕೊಲೆಯಲ್ಲದ ನರಹತ್ಯೆಯ ಮೊಕದ್ದಮೆ ಬೆಳೆಗಾರನ ಮೇಲೆ ಬೀಳಬಹುದು.

ಹಾಗಾದರೆ ಸರಿಯಾದ ಸೋಲಾರ್ ಬೇಲಿ ಕಳ್ಳನನ್ನು ತಡೆದೀತೆ? ಬೇಲಿಯೊಂದರಿಂದಲೇ ಆಗದು. ಕೊಡಗಿನ ಆನೆಗಳೇ ದಂತದಿಂದ ತಂತಿ ಒತ್ತಿ, ಮರ ಕೆಡವಿ ದಾಟುವುದನ್ನು ಕಲಿತಿವೆ. ಒಣಕೋಲು ಹಿಡಿದ ಮನುಷ್ಯ ಕಲಿಯಲಾರನೆ? ಬೇಲಿಯ ಬ್ಯಾಟರಿ, ಪ್ಯಾನೆಲುಗಳೂ ಕಳ್ಳನ ಕಣ್ಣಿಗೆ ಮಾಲೇ. ಆದುದರಿಂದ ಬೇಲಿಯನ್ನು ಗಂಟೆಯೆಂದು ತಿಳಿಯತಕ್ಕದ್ದು. ತಂತಿ ಕಡಿದರೂ ನೆಲಕ್ಕೆ ತಗುಲಿಸಿದರೂ ವೋಲ್ಟೇಜು ಇಳಿದು ಸೈರನ್ ಕೂಗುವ ಎನರ್ಜೈಸರನ್ನೇ ಕೊಳ್ಳಿರಿ. ಅದನ್ನು ಪಂಪ್‌ಹೌಸಿನಲ್ಲಿಡದೆ ಮನೆಯಲ್ಲಿಡಿರಿ. ಕೇಳುವ ಕಿವಿ ಹತ್ತಿರವಿಲ್ಲದ ಕಡೆ ಇದಕ್ಕೆ ಹಣ ಸುರಿಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಬಹಳ ಬೇಲಿಗಳು ಸೋಲುವುದು ಅರ್ಥಿಂಗಿನಲ್ಲಿ. ಆರು ಅಡಿಯ ಮೂರು ಸರಳುಗಳನ್ನು ಹತ್ತು ಅಡಿ ಅಂತರದಲ್ಲಿ ತೇವದ ಜಾಗದಲ್ಲಿ ಹೊಡೆಯಿರಿ. ಪಂಪಿನ ಅರ್ಥಿಂಗಿಗೆ ಸೇರಿಸಬೇಡಿ. ನೀರು ಹಾಯಿಸುವ ಬೇಸಿಗೆಯಲ್ಲೇ ನೆಲ ಒಣಗಿ ಏಟು ಸಪ್ಪೆಯಾಗುತ್ತದೆ, ಆಗ ಸರಳಿನ ಬುಡಕ್ಕೆ ನೀರು ಹೊಯ್ಯಬೇಕು. ಮಳೆಗಾಲದಲ್ಲಿ ತಂತಿಗೆ ತಾಗುವ ಕಳೆ ಸವರಬೇಕು. ಎಚ್ಚರಿಕೆಯ ಫಲಕದಲ್ಲಿ ಚಿತ್ರವೂ ಇರಲಿ. ಅಸ್ಸಾಮಿನಿಂದ ತೋಟಕ್ಕೆ ಬಂದವರಿಗೆ ಕನ್ನಡ ಓದಲು ಬಾರದು.

ಇದಕ್ಕಿಂತ ಅಗ್ಗದ ದಾರಿಯೊಂದಿದೆ. ಮೀಟರಿನಿಂದ ಪಂಪ್‌ಹೌಸಿನವರೆಗೆ ತಾಮ್ರದ ಬದಲು ಅಲ್ಯೂಮಿನಿಯಂ ಆರ್ಮರ್ಡ್ ಕೇಬಲನ್ನು ಎರಡೂವರೆ ಅಡಿ ಆಳದಲ್ಲಿ ಹೂಳುವುದು. 6 ಚದರ ಮಿ.ಮೀ. ತಾಮ್ರವಿದ್ದಲ್ಲಿ 10ರ ಅಲ್ಯೂಮಿನಿಯಂ ಬೇಕು; ಎರಡೂ ಕೂಡುವಲ್ಲಿ ಬೈಮೆಟಲ್ ಲಗ್ ಹಾಕಿಸದಿದ್ದರೆ ಜಾಯಿಂಟು ಸುಡುತ್ತದೆ. ಗುಜರಿಯಲ್ಲಿ ಅಲ್ಯೂಮಿನಿಯಮ್ಮಿಗೆ ತಾಮ್ರದ ಬೆಲೆಯಿಲ್ಲ, ಅಗೆಯಲು ಕಳ್ಳನಿಗೆ ಹೊತ್ತೂ ಇಲ್ಲ.

ಕಂಬದ ತಂತಿ, ಟ್ರಾನ್ಸ್‌ಫಾರ್ಮರಿನ ಕಳವಾದರೆ ಮೆಸ್ಕಾಂ ಅಥವಾ ಸೆಸ್ಕ್ ಶಾಖೆಗೂ ಪೊಲೀಸರಿಗೂ ಕೂಡಲೇ ತಿಳಿಸಿರಿ. 2003ರ ವಿದ್ಯುಚ್ಛಕ್ತಿ ಕಾಯಿದೆಯ 136ನೇ ಕಲಮಿನಂತೆ ಇದಕ್ಕೆ 3 ವರ್ಷದವರೆಗೆ ಸಜೆಯುಂಟು. ಮೋಟಾರಿನ ನಂಬರನ್ನೂ ಕೇಬಲಿನ ಮೇಲಿನ ಅಚ್ಚನ್ನೂ ಇಂದೇ ತೋಟದ ಪುಸ್ತಕದಲ್ಲಿ ಬರೆದಿಡಿರಿ. ಸಿಕ್ಕ ಮಾಲು ನಿಮ್ಮದೆನ್ನಲು ಅದೇ ಗುರುತು.