ಕೊಡುವ ಕೈ, ಕ್ಷಮಿಸುವ ಮನಸ್ಸು: ಕ್ರೈಸ್ತ ಮನೆಗಳಲ್ಲಿ ಮಕ್ಕಳ ಪಾಠ

ಕ್ರೈಸ್ತ ಕುಟುಂಬದ ಮಗು ಔದಾರ್ಯವನ್ನೂ ದಯೆಯನ್ನೂ ಮೂರು ಕಡೆ ಕಲಿಯುತ್ತದೆ: ಮನೆಯ ಪ್ರಾರ್ಥನೆಯಲ್ಲಿ, ಸಭೆಯ ಸಂಡೇ ಸ್ಕೂಲಿನಲ್ಲಿ, ಊರ ಜನರ ನಡುವೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಕಡಿಮೆ. ಇಲ್ಲಿ ಮೆಥೋಡಿಸ್ಟ್ ಮಿಷನ್ ನೆಲೆಯೂರಿದ್ದು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ ಆ ಸೇವೆಯ ಗುರುತು. ಇಲ್ಲಿನ ಕಥೋಲಿಕರು 2005ರಲ್ಲಿ ಬಳ್ಳಾರಿಯಿಂದ ಬೇರೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಸೇರುತ್ತಾರೆ. ಜಿಲ್ಲೆಯ ಬಹುಪಾಲು ಜನ ಹೊಲ ಮತ್ತು ಕೂಲಿಯನ್ನು ನಂಬಿದವರು. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗುವ ಕುಟುಂಬಗಳೂ ಇವೆ. ಮನೆಯಲ್ಲೇ ಕೊರತೆ ಇರುವಾಗ ಮಗುವಿಗೆ ಕೊಡುವುದನ್ನು ಕಲಿಸುವುದು ಹೇಗೆ?

ಈ ಪ್ರಶ್ನೆಗೆ ಸತ್ಯವೇದದ ಎರಡು ಕಥೆಗಳು ನೇರವಾಗಿ ಉತ್ತರಿಸುತ್ತವೆ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಸಿರಿವಂತರು ದೇವಾಲಯದ ಪೆಟ್ಟಿಗೆಗೆ ಬಹಳ ಹಣ ಹಾಕುತ್ತಾರೆ, ಬಡ ವಿಧವೆಯೊಬ್ಬಳು ಎರಡೇ ಕಾಸು ಹಾಕುತ್ತಾಳೆ. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಎಂದು ಯೇಸು ತನ್ನ ಶಿಷ್ಯರಿಗೆ ಹೇಳುತ್ತಾನೆ. ಉಳಿದವರು ಮಿಕ್ಕಿದ್ದನ್ನು ಕೊಟ್ಟರು, ಇವಳು ಜೀವನಕ್ಕೆ ಇದ್ದದ್ದನ್ನೇ ಕೊಟ್ಟಳು. ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಐದು ಸಾವಿರ ಗಂಡಸರಿದ್ದ ಜನಜಂಗುಳಿಗೆ ಊಟವಾಗುವುದು ಒಬ್ಬ ಹುಡುಗನ ಬಳಿಯಿದ್ದ ಐದು ರೊಟ್ಟಿ, ಎರಡು ಮೀನಿನಿಂದ. ಆ ರೊಟ್ಟಿ ಜವೆಗೋಧಿಯದು. ನಮ್ಮ ಕಡೆ ಜೋಳ ಇದ್ದಂತೆ ಅಲ್ಲಿನ ಬಡವರ ಧಾನ್ಯ. ಕೊಡಲು ದೊಡ್ಡವರಾಗಬೇಕಿಲ್ಲ, ಸಾಹುಕಾರರೂ ಆಗಬೇಕಿಲ್ಲ ಎಂಬುದು ಇಲ್ಲಿ ಮಗುವಿಗೆ ತಾನೇ ಹೊಳೆಯುತ್ತದೆ.

ಹೊಲದ ಕೆಲಸ ಬಲ್ಲ ಮಕ್ಕಳಿಗೆ ರೂತಳ ಕಥೆ ಇನ್ನೂ ಹತ್ತಿರದ್ದು. ಬೆಳೆ ಕೊಯ್ಯುವಾಗ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಗಳನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬುದು ಯಾಜಕಕಾಂಡದ 19ನೇ ಅಧ್ಯಾಯದ ಕಟ್ಟಳೆ. ಗಂಡನನ್ನು ಕಳೆದುಕೊಂಡ, ಪರದೇಶದವಳಾದ ರೂತಳು ಅತ್ತೆಯನ್ನು ಸಾಕಲು ಬೋವಜನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಬೋವಜ ಅವಳನ್ನು ಗದರಿಸಬಾರದೆಂದು ಆಳುಗಳಿಗೆ ಹೇಳುವುದಲ್ಲದೆ, ಸಿವುಡಿನಿಂದ ಬೇಕೆಂದೇ ಒಂದಿಷ್ಟು ತೆನೆ ಉದುರಿಸಿ ಬಿಡಿ ಎನ್ನುತ್ತಾನೆ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ ಆಯ್ದ ಮಗುವಿಗೆ ಇದರ ಸೂಕ್ಷ್ಮ ಬೇಗ ತಿಳಿಯುತ್ತದೆ: ತೆಗೆದುಕೊಳ್ಳುವವರು ಕೈಚಾಚಿ ನಿಲ್ಲದಂತೆ, ಅವರ ಮಾನ ಉಳಿಯುವಂತೆ ಕೊಡಬೇಕು.

ಕಥೆಯ ನಂತರ ರೂಢಿ. ಭಾನುವಾರದ ಕಾಣಿಕೆಯನ್ನು ಮಗುವಿನ ಕೈಯಿಂದಲೇ ಹಾಕಿಸುವುದು ಎಲ್ಲ ಸಭೆಗಳಲ್ಲೂ ಕಾಣುತ್ತದೆ. ಆದರೆ ಬಾಗಿಲಲ್ಲಿ ಅಪ್ಪ ಕೊಟ್ಟ ನಾಣ್ಯವನ್ನು ಚೀಲಕ್ಕೆ ಹಾಕಿದರೆ ಕೊಟ್ಟವನು ಅಪ್ಪನೇ. ಜಾತ್ರೆಗೆಂದೋ ತಿಂಡಿಗೆಂದೋ ಬಂದ ದುಡ್ಡಿನಲ್ಲಿ ತಾನೇ ಒಂದು ಪಾಲು ತೆಗೆದಿಟ್ಟಾಗ ಅದು ಮಗುವಿನ ಕಾಣಿಕೆ. ಅಡುಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಇಡುವ ಹಳೆಯ ಪದ್ಧತಿ ಕೆಲವು ಸಭೆಗಳಲ್ಲಿದೆ; ಅದನ್ನು ಮಗುವಿನ ಕೈಯಲ್ಲಿ ಮಾಡಿಸಬಹುದು. ಕಥೋಲಿಕರಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಪ್ರಾರ್ಥನೆ, ಉಪವಾಸ, ದಾನಗಳ ಕಾಲ. ಮಕ್ಕಳು ತಮಗೆ ಇಷ್ಟವಾದುದನ್ನು ಬಿಟ್ಟು ಉಳಿಸಿದ ಹಣ ಬಡವರ ಪಾಲಾಗುತ್ತದೆ. ಮಕ್ಕಳಿಂದ ಮಕ್ಕಳಿಗೆ ನೆರವು ಎಂಬ ಧ್ಯೇಯದ ಪವಿತ್ರ ಬಾಲ್ಯ ಸಂಘವನ್ನು ಫ್ರಾನ್ಸಿನ ಬಿಷಪ್ ಫೋರ್ಬಿನ್-ಜಾನ್ಸನ್ 1843ರಲ್ಲಿ ಆರಂಭಿಸಿದರು. ಸಂಡೇ ಸ್ಕೂಲಿನ ಮೂಲದಲ್ಲೂ ದಯೆಯೇ ಇದೆ: 1780ರ ಸುಮಾರಿಗೆ ಇಂಗ್ಲೆಂಡಿನ ಗ್ಲೋಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಅದನ್ನು ನಡೆಸಿದ್ದು ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗೆ ಓದು ಕಲಿಸಲು.

ದಯೆಯ ಪಾಠಕ್ಕೆ ಎಲ್ಲರೂ ಬಳಸುವ ಕಥೆ ಲೂಕನ ಸುವಾರ್ತೆಯ 10ನೇ ಅಧ್ಯಾಯದ ಸಮಾರ್ಯದವನದು. ಕಳ್ಳರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡು ಮುಂದೆ ಹೋಗುತ್ತಾರೆ. ನಿಂತವನು ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನು. ಅವನು ಗಾಯ ಕಟ್ಟಿ, ತನ್ನ ಸವಾರಿಯ ಮೇಲೆ ಕೂರಿಸಿ, ಛತ್ರದವನಿಗೆ ಎರಡು ದಿನದ ಕೂಲಿಯಷ್ಟು ಹಣ ಕೊಡುತ್ತಾನೆ. ಇದನ್ನು ಬರಿಯ ಪರೋಪಕಾರದ ಕಥೆಯಾಗಿ ಹೇಳಿದರೆ ಅರ್ಧ ಹೇಳಿದಂತೆ. ಯಾರು ಯಾರನ್ನು ಮುಟ್ಟುವುದಿಲ್ಲ, ಯಾರ ಮನೆಯ ನೀರು ಯಾರು ಕುಡಿಯುವುದಿಲ್ಲ ಎಂಬುದು ಹಳ್ಳಿಯ ಮಗುವಿಗೂ ಗೊತ್ತು. ಶಾಲೆಯ ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕಕ್ಕೂ ಹಿಂಜರಿಯದೆ ಕೂರುವುದು, ಗುಳೆಯಿಂದ ಮರಳಿ ಪಾಠದಲ್ಲಿ ಹಿಂದೆ ಬಿದ್ದ ಗೆಳೆಯನಿಗೆ ತನ್ನ ನೋಟ್‌ಬುಕ್ ಕೊಡುವುದು ಈ ಕಥೆಯ ಮನೆಗೆಲಸ.

ಕ್ಷಮೆ ಇದಕ್ಕಿಂತ ಕಷ್ಟದ ಪಾಠ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಅರಸನೊಬ್ಬ ತನ್ನ ಸೇವಕನ ಹತ್ತು ಸಾವಿರ ತಲಾಂತು ಸಾಲವನ್ನು ಮನ್ನಾ ಮಾಡುತ್ತಾನೆ. ಹೊರಗೆ ಬಂದ ಆ ಸೇವಕ ನೂರು ಬೆಳ್ಳಿ ನಾಣ್ಯದ ಸಾಲಕ್ಕೆ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಒಂದು ನಾಣ್ಯ ಆಗಿನ ಒಂದು ದಿನದ ಕೂಲಿ; ಒಂದು ತಲಾಂತು ಸುಮಾರು 6,000 ನಾಣ್ಯ. ಮನ್ನಾ ಆದದ್ದು 6 ಕೋಟಿ ದಿನದ ಕೂಲಿ, ವಸೂಲಿಗೆ ನಿಂತದ್ದು 100 ದಿನದ ಕೂಲಿಗೆ. ಕೂಲಿಕಾರರ ಮಕ್ಕಳಿಗೆ ನೂರು ದಿನದ ದುಡಿಮೆಯೂ ಸಣ್ಣದಲ್ಲ. ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ, ತಮಗೆ ಸಿಕ್ಕ ಕ್ಷಮೆಯ ಮುಂದೆ ತಾವು ಕೊಡಬೇಕಾದ ಕ್ಷಮೆ ಎಷ್ಟು ಕಡಿಮೆ ಎಂದು ಅವರೇ ಹೇಳುತ್ತಾರೆ. ಜಕ್ಕಾಯನ ಕಥೆ ಇದರ ಇನ್ನೊಂದು ಮುಖ. ತೆರಿಗೆಯ ಅಧಿಕಾರಿಯಾಗಿ ಸಿರಿವಂತನಾದ ಅವನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡಲು, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ತಿರುಗಿ ಕೊಡಲು ಒಪ್ಪುತ್ತಾನೆ. ತಪ್ಪಾಯಿತು ಎಂದರೆ ಸಾಲದು, ಆದ ನಷ್ಟವನ್ನು ತುಂಬಬೇಕು.

ಈ ಪಾಠಗಳು ಕೆಡುವ ದಾರಿಗಳೂ ಇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬುದು ಯೇಸುವಿನ ಬೋಧನೆ. ಮಗು ಹಣ್ಣು ಹಂಚುವ ಫೋಟೋವನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವುದು ಅದಕ್ಕೆ ತಕ್ಕುದಲ್ಲ. ಹರಿದ ಬಟ್ಟೆ, ಮುರಿದ ಆಟಿಕೆಯನ್ನೇ ಕೊಡಿಸಿದರೆ ಮಗು ಬೇಡದ್ದನ್ನು ಕಳಚಿಕೊಳ್ಳುವುದನ್ನು ಕಲಿಯುತ್ತದೆ. ನೆರವಿಗೆ ಷರತ್ತು ಸೇರಬಾರದು. ಸಮಾರ್ಯದವನು ಬಿದ್ದವನ ಧರ್ಮ ಕೇಳಲಿಲ್ಲ. ಬೇರೆ ಮನೆಗಳ ಮಕ್ಕಳು ದಾಸೋಹದಲ್ಲಿ, ರಂಜಾನಿನ ಜಕಾತಿನಲ್ಲಿ ಇದೇ ಗುಣವನ್ನು ಕಲಿಯುತ್ತಾರೆ. ಅದನ್ನು ಗೌರವಿಸುವುದೂ ಔದಾರ್ಯದ ಭಾಗವೇ.

ಮಕ್ಕಳು ಕೇಳಿದ್ದಕ್ಕಿಂತ ಕಂಡದ್ದನ್ನು ಮಾಡುತ್ತಾರೆ. ಕೂಲಿಯವರಿಗೆ ಕೊಡಬೇಕಾದ ಹಣವನ್ನು ಸಂಜೆಯೇ ಕೊಡುವ ಅಪ್ಪ, ಬಾಗಿಲಿಗೆ ಬಂದವರನ್ನು ಹಸಿದು ಕಳಿಸದ ಅವ್ವ, ಸುಮ್ಮನೆ ಬೈದದ್ದಕ್ಕೆ ಮಗುವಿನ ಬಳಿಯೇ ಕ್ಷಮೆ ಕೇಳುವ ಹಿರಿಯರು ಇರುವ ಮನೆಯಲ್ಲಿ ಸಂಡೇ ಸ್ಕೂಲಿನ ಕೆಲಸ ಹಗುರ. ಇವು ಯಾವುವೂ ಇಲ್ಲದ ಮನೆಯ ಮಗು ಕಥೆಗಳನ್ನು ಬಾಯಿಪಾಠ ಮಾಡಿ ಬಹುಮಾನ ಪಡೆಯಬಹುದು, ಕೊಡುವುದನ್ನು ಕಲಿಯುವುದು ಕಷ್ಟ.