ಚಳಿಗಾಲದ ಸಾಲನ್: ಹಿತ್ತಲ ಸೊಪ್ಪಿಗೂ ಪಾತ್ರೆಯಲ್ಲಿ ಜಾಗವಿರಲಿ

ಡಿಸೆಂಬರ್ ಬಂತೆಂದರೆ ಕೋಲಾರ, ಚಿಕ್ಕಬಳ್ಳಾಪುರ, ಮಂಡ್ಯದ ಸಂತೆಗಳಲ್ಲಿ ಅವರೆಕಾಯಿಯ ರಾಶಿ. ಇಬ್ಬನಿ ಬಿದ್ದಷ್ಟೂ ಅದರ ಸೊಗಡು ಹೆಚ್ಚು. ಹಿತ್ತಲಲ್ಲಿ ಮೆಂತ್ಯ, ಪಾಲಕ್, ಮೂಲಂಗಿ, ಕೊತ್ತಂಬರಿ ಸೊಂಪಾಗಿ ಬೆಳೆಯುವ ಕಾಲವೂ ಇದೇ. ಆದರೆ ನಮ್ಮ ಮನೆಗಳ ಊಟ ನೋಡಿ: ಶುಕ್ರವಾರ ಬಿರಿಯಾನಿ, ಭಾನುವಾರ ಪಾಯ, ನಡುವೆ ಒಂದು ದಿನ ಕಬಾಬ್. ತರಕಾರಿ ಎಂದರೆ ತಟ್ಟೆಯ ಅಂಚಿನಲ್ಲಿ ಎರಡು ಚೂರು ಈರುಳ್ಳಿ.

ನಮ್ಮ ಅಜ್ಜಿಯರ ಅಡುಗೆ ಹೀಗಿರಲಿಲ್ಲ. ಮಾಂಸ ದುಬಾರಿಯೆಂದೋ ಏನೋ, ಅದು ಒಂಟಿಯಾಗಿ ಪಾತ್ರೆಗೆ ಬೀಳುತ್ತಿದ್ದುದು ಅಪರೂಪ. ದಾಲ್ಚಾದಲ್ಲಿ ಕಡಲೆಬೇಳೆ, ಸೋರೆಕಾಯಿ ಇರುತ್ತಿತ್ತು. ಮೇಥಿ ಗೋಷ್ತ್, ಪಾಲಕ್ ಗೋಷ್ತ್, ಅವರೆಕಾಳಿನ ಸಾಲನ್ ಎಲ್ಲದರಲ್ಲೂ ಮಾಂಸದಷ್ಟೇ ಸೊಪ್ಪು, ಕಾಳು ಇರುತ್ತಿದ್ದವು. ಅರ್ಧ ಕಿಲೋ ಮಾಂಸದಲ್ಲಿ ಎಂಟು ಜನ ಉಂಡೇಳುತ್ತಿದ್ದರು. ಬಡತನದ ಲೆಕ್ಕವೆಂದು ಇದನ್ನು ತಳ್ಳಿಹಾಕಬೇಡಿ.

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ತುತ್ತಿನ ಜೊತೆ ಒಂದಿಷ್ಟು ಮಾಂಸ, ಸ್ವಲ್ಪ ನಿಂಬೆರಸವಿದ್ದರೆ ಹೀರಿಕೆ ಹೆಚ್ಚುತ್ತದೆ. ಊಟ ಮುಗಿಯುತ್ತಲೇ ಕುಡಿಯುವ ಚಹಾ ಅದನ್ನು ತಗ್ಗಿಸುತ್ತದೆ. ಒಂದು ಗಂಟೆಯಾದರೂ ತಡೆಯಿರಿ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ತುಂಡುಗಳೆಲ್ಲ ಗಂಡಸರಿಗೂ ಮಕ್ಕಳಿಗೂ ಹೋಗಿ, ಸೊಸೆಯ ತಟ್ಟೆಗೆ ಬರೀ ಶೋರ್ವಾ ಬರುತ್ತಿದ್ದರೆ ಮೊದಲು ಸರಿಪಡಿಸಬೇಕಾದದ್ದು ಅದನ್ನು. ಸೊಪ್ಪು, ಕಾಳು, ಮಾಂಸ ಬೆರೆತು ಬೆಂದ ಸಾಲನ್‌ನಲ್ಲಿ ಪಾಲು ಸರಿಯಾಗಿ ಹಂಚುವುದೂ ಸುಲಭ.

ಒಮ್ಮೆ ಹೀಗೆ ಮಾಡಿ ನೋಡಿ. ಅರ್ಧ ಕಿಲೋ ಕುರಿಮಾಂಸ, ಎರಡು ಬಟ್ಟಲು ಸುಲಿದ ಅವರೆಕಾಳು, ಎರಡು ದೊಡ್ಡ ಕಟ್ಟು ಮೆಂತ್ಯ ಸೊಪ್ಪು. ಎರಡು ಚಮಚ ಎಣ್ಣೆ ಸಾಕು, ಉಳಿದದ್ದನ್ನು ಮಾಂಸದ ಕೊಬ್ಬೇ ನೋಡಿಕೊಳ್ಳುತ್ತದೆ. ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಅರಿಶಿನ, ಖಾರದ ಪುಡಿ, ಧನಿಯಾ ಪುಡಿಯೊಂದಿಗೆ ಮಾಂಸವನ್ನು ಹುರಿದು ಕುಕ್ಕರ್‌ನಲ್ಲಿ ಮುಕ್ಕಾಲು ಬೇಯಿಸಿ. ಆಮೇಲೆ ಕಾಳು, ಎರಡು ಟೊಮೆಟೊ ಸೇರಿಸಿ ಮತ್ತೆ ಎರಡು ಸೀಟಿ. ಕಾಳು ಹಸಿಯಾಗಿ ಉಳಿಯಬಾರದು, ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು. ಮೆಂತ್ಯ ಸೊಪ್ಪನ್ನು ಕೊನೆಗೆ ಹಾಕಿ ಮುಚ್ಚಳ ತೆರೆದು ಐದು ನಿಮಿಷ ಕುದಿಸಿ. ನಿಂಬೆ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ. ರಾಗಿಮುದ್ದೆಗೂ ರೊಟ್ಟಿಗೂ ಹೊಂದುತ್ತದೆ. ನಾಟಿಕೋಳಿಯಲ್ಲೂ ಮಾಡಬಹುದು, ಆದರೆ ಅದು ಫಾರಂ ಕೋಳಿಯಂತೆ ಬೇಗ ಬೇಯುವುದಿಲ್ಲ, ಅವಸರ ಬೇಡ.

ಹಿತ್ತಲು ಇಲ್ಲವೇ? ಮೆಂತ್ಯಕ್ಕೆ ಅಗಲವಾದ ಒಂದು ಕುಂಡ ಸಾಕು. ಬಿಸಿಲು ಬೀಳುವ ಕಡೆ ಇಟ್ಟರೆ ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ. ದೊಡ್ಡ ಪಾತ್ರೆಯ ನೀರಿನಲ್ಲಿ ಅಲ್ಲಾಡಿಸಿ, ಸೊಪ್ಪನ್ನು ಮೇಲಕ್ಕೆತ್ತಿ, ಮಣ್ಣಿನ ನೀರು ಚೆಲ್ಲಿ, ಇನ್ನೆರಡು ಸಲ ಹಾಗೆಯೇ ಮಾಡಿ.

ಮಾಂಸವನ್ನು ಪರಿಚಿತ ಅಂಗಡಿಯಿಂದ ತನ್ನಿ. ಪ್ರಾಣಿ ಆರೋಗ್ಯವಾಗಿ ಓಡಾಡುತ್ತಿತ್ತೇ, ಜಬಹ್ ಆದ ಮೇಲೆ ರಕ್ತ ಪೂರ್ತಿ ಹರಿಯಲು ಬಿಟ್ಟರೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಮನೆಯ ಕೋಳಿಗಳು ಒಂದರ ಹಿಂದೆ ಒಂದು ಸಾಯತೊಡಗಿದರೆ, ಉಳಿದವನ್ನಾದರೂ ತಿಂದು ಮುಗಿಸೋಣವೆಂದು ಅವಸರದಲ್ಲಿ ಕೊಯ್ಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಮಕ್ಕಳನ್ನು ದೂರವಿಡಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆದರೆ ನೀರಿನ ಹನಿಗಳ ಜೊತೆ ರೋಗಾಣುಗಳೂ ಪಕ್ಕದ ತಟ್ಟೆ, ಸೊಪ್ಪಿನ ಮೇಲೆ ಬೀಳುತ್ತವೆ. ತೊಳೆಯಲೇಬೇಕೆಂದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ಆ ಜಾಗವನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಿರಿ. ಮಾಂಸಕ್ಕೆ ಒಂದು ಚಾಕು, ಹಲಗೆ, ತರಕಾರಿಗೆ ಬೇರೆ.

ನಿಜವಾದ ತಪ್ಪು ನಡೆಯುವುದು ರಾತ್ರಿ. "ಚಳಿಯಲ್ವಾ, ಕೆಡೋದಿಲ್ಲ" ಎಂದು ಉಳಿದ ಸಾಲನ್ ಅನ್ನು ಒಲೆಯ ಮೇಲೆಯೇ ಬಿಟ್ಟು ಮಲಗುತ್ತೇವೆ. ರೋಗಾಣುಗಳು ಚೆನ್ನಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ನಮ್ಮ ಊರುಗಳ ಚಳಿ ಎಷ್ಟೇ ಇರಲಿ, ಅಡುಗೆಮನೆ ಫ್ರಿಜ್ ಆಗುವುದಿಲ್ಲ. ದೊಡ್ಡ ಪಾತ್ರೆಯ ನಡುಭಾಗವಂತೂ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಕುದಿದರೂ ಸಾಯದ ಕೆಲವು ರೋಗಾಣುಗಳ ಬೀಜಕಗಳು ಆ ಬೆಚ್ಚಗಿನಲ್ಲಿ ಮೊಳೆತು ಬೆಳೆಯುತ್ತವೆ. ಬೆಳಗ್ಗೆ ರುಚಿ, ವಾಸನೆ ಏನೂ ಬದಲಾಗಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆನೋವು, ಭೇದಿ. ಮಕ್ಕಳಿಗೆ, ವಯಸ್ಸಾದವರಿಗೆ ಇದು ಬೇಗ ನಿತ್ರಾಣ ತರುತ್ತದೆ.

ಉಳಿದದ್ದನ್ನು ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ, ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಬೆಳಗ್ಗೆ ಬೇಕಾದಷ್ಟನ್ನೇ ತೆಗೆದು ಕೊತಕೊತ ಕುದಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದೇ ಹೊತ್ತಿಗಾಗುವಷ್ಟು ಮಾಡಿ. ಮಿಕ್ಕರೆ ಬಿಸಿಯಿರುವಾಗಲೇ ಒಂದು ಬಟ್ಟಲು ಪಕ್ಕದ ಮನೆಗೆ ಕಳುಹಿಸಿ.