ಹಳೇ ರೂಪದ ಹೊಸ ಬೈಕು: ಜಾವಾನೋ, ಕ್ಲಾಸಿಕ್ಕೋ?

ಅಜ್ಜಂದಿರ ಕಾಲದ ಬೈಕುಗಳಿಗೆ ಈಗ ಮೊಮ್ಮಕ್ಕಳ ಕಾಲದಲ್ಲಿ ಮತ್ತೆ ಬೇಡಿಕೆ ಬಂದಿದೆ. ದುಂಡನೆಯ ಹೆಡ್‌ಲೈಟು, ಹೊಟ್ಟೆ ಉಬ್ಬಿದ ಪೆಟ್ರೋಲ್ ಟ್ಯಾಂಕು, ಕಡ್ಡಿ ಚಕ್ರ, ಮಿರಮಿರ ಮಿಂಚುವ ಸೈಲೆನ್ಸರ್. ಹೊರಗೆ ನೋಡಿದರೆ 1960ರ ದಶಕ, ಒಳಗೆ ಮಾತ್ರ ಇಂದಿನ ಯಂತ್ರ.

ಕೆಲಸಕ್ಕೆ ಸೇರಿ ಎರಡು ವರ್ಷವಾದ ನನ್ನ ಮೊಮ್ಮಗಳಿಗೂ ಇಂಥದೇ ಬೇಕಾಯಿತು. "ತಾತ, ಜಾವಾ 350, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಎರಡರಲ್ಲಿ ಒಂದು ತಗೋತೀನಿ. ನೀನು ಲೆಕ್ಕ ನೋಡಿ ಹೇಳು" ಅಂದಳು. ಸ್ವಂತ ದುಡಿಮೆಯಲ್ಲಿ ಅವಳು ಮಾಡುತ್ತಿರುವ ಮೊದಲ ದೊಡ್ಡ ಖರ್ಚು. ಮೂರು ವರ್ಷ ಕಂತು ಕಟ್ಟಬೇಕು, ಬೆಂಗಳೂರಿನ ರಸ್ತೆಯಲ್ಲಿ ದಿನವೂ ಓಡಿಸಬೇಕು. ಬ್ಯಾಂಕಿನ ಕೌಂಟರಿನಲ್ಲಿ ಜೀವನ ಕಳೆದ ನನಗೆ ಇದು ಒಪ್ಪುವ ಕೆಲಸವೇ. ಕಾಗದ, ಪೆನ್ಸಿಲ್ಲು ಹಿಡಿದು ಕೂತೆ.

ಎರಡು ಹೆಸರು, ಎರಡು ಚರಿತ್ರೆ

ಮೈಸೂರಿನವನಾದ ನನ್ನ ಮನಸ್ಸು ಜಾವಾ ಕಡೆಗೇ ವಾಲಿತ್ತು. ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಚೆಕ್ ನಾಡಿನಲ್ಲಿ ಶುರುಮಾಡಿದ ಕಂಪನಿ ಅದು. ತನ್ನ ಹೆಸರಿನ ಮೊದಲ ಅಕ್ಷರಗಳಿಗೆ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲ ಅಕ್ಷರಗಳನ್ನು ಜೋಡಿಸಿ 'ಜಾವಾ' ಎಂದು ಕರೆದ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಯಾರಿಕೆ ಆರಂಭಿಸಿತು. ಮುಂದೆ ಅದೇ ಬೈಕು 'ಯೆಜ್ಡಿ'ಯಾಯಿತು. ಕಿಕ್ಕರೇ ಗೇರಿನ ಲಿವರ್ ಕೂಡ ಆಗಿದ್ದ ಆ ಬೈಕಿನ ಚಮತ್ಕಾರ ನನ್ನ ವಯಸ್ಸಿನವರಿಗೆ ಇನ್ನೂ ನೆನಪಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ರಾಯಲ್ ಎನ್‌ಫೀಲ್ಡ್ ಇಂಗ್ಲೆಂಡಿನದು. ಮೊದಲ ಮೋಟಾರ್ ಸೈಕಲ್ 1901ರಲ್ಲಿ, ಬುಲೆಟ್ 1932ರಲ್ಲಿ. ನಮ್ಮ ಸೈನ್ಯಕ್ಕೆ ಬುಲೆಟ್ ಬೇಕಾದ್ದರಿಂದ 1955ರಲ್ಲಿ ಮದರಾಸಿನಲ್ಲಿ ಕಂಪನಿ ಹುಟ್ಟಿತು. ಇಂಗ್ಲೆಂಡಿನಲ್ಲಿ ಬಾಗಿಲು ಹಾಕಿದ ಮೇಲೂ ಇಲ್ಲಿ ಡುಗು ಡುಗು ಸದ್ದು ನಿಲ್ಲಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮೊಮ್ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಈಗಿನ ಜಾವಾ ಮೈಸೂರಲ್ಲೇ ಆಗುತ್ತಾ ತಾತ?" ಇಲ್ಲ. 2018ರಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಆ ಹೆಸರನ್ನು ಮತ್ತೆ ತಂದಿತು. ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. "ಹಾಗಾದರೆ ಊರಿನ ಅಭಿಮಾನ ಬಿಟ್ಟು ನೋಡೋಣ" ಅಂದಳು. ನ್ಯಾಯವಾದ ಮಾತು.

ವೇಷ ಹಳೆಯದು, ಯಂತ್ರ ಹೊಸದು

ಹಳೇ ಜಾವಾ ಟೂ-ಸ್ಟ್ರೋಕ್; ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಿತ್ತು. ಹಳೇ ಬುಲೆಟ್ಟಿನಲ್ಲಿ ಮುಳ್ಳು ನೋಡಿಕೊಂಡು, ಸಣ್ಣ ಲಿವರ್ ಒತ್ತಿ, ಆಮೇಲೆ ಕಿಕ್ ಹೊಡೆಯಬೇಕಿತ್ತು. ಈಗ ಎರಡರಲ್ಲೂ ಕಿಕ್ಕರೇ ಇಲ್ಲ, ಗುಂಡಿ ಒತ್ತಿದರೆ ಸಾಕು. ಎರಡೂ ಫೋರ್-ಸ್ಟ್ರೋಕ್, ಕಾರ್ಬುರೇಟರ್ ಬದಲು ಇಂಧನ ಚಿಮ್ಮಿಸುವ ವ್ಯವಸ್ಥೆ. ಗಕ್ಕನೆ ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಎರಡರಲ್ಲೂ ಇದೆ.

ವ್ಯತ್ಯಾಸ ಇರುವುದು ಸ್ವಭಾವದಲ್ಲಿ. ಜಾವಾದ್ದು 334 ಸಿಸಿ ಎಂಜಿನ್, ನೀರಿನಿಂದ ತಣಿಯುತ್ತದೆ. ಸುಮಾರು 22 ಅಶ್ವಶಕ್ತಿ, 6 ಗೇರು. ಕ್ಲಾಸಿಕ್‌ನದು 349 ಸಿಸಿ, ಗಾಳಿ ಮತ್ತು ಆಯಿಲ್‌ನಿಂದ ತಣಿಯುತ್ತದೆ. ಸುಮಾರು 20 ಅಶ್ವಶಕ್ತಿ, 5 ಗೇರು. ಜಾವಾ ತನ್ನ ಪೂರ್ತಿ ಎಳೆಯುವ ಬಲ ತೋರಿಸುವುದು ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದಾಗ. ಕ್ಲಾಸಿಕ್ 4000ಕ್ಕೇ ತೋರಿಸುತ್ತದೆ. ಮಕ್ಕಳಿಗೆ ಅರ್ಥವಾಗುವಂತೆ ಹೇಳುವುದಾದರೆ, ಜಾವಾ ಓಡುವ ಕುದುರೆ, ಕ್ಲಾಸಿಕ್ ಎಳೆಯುವ ಎತ್ತು. ಹೆದ್ದಾರಿಗೆ ಮೊದಲನೆಯದು ಹುಮ್ಮಸ್ಸು. ನಿಂತು ನಿಂತು ಸಾಗುವ ಊರೊಳಗೆ ಎರಡನೆಯದು ನಿರಾಳ.

ಕಾಲು ನೆಲಕ್ಕೆ ಎಟಕಬೇಕು

ಎರಡರ ತೂಕವೂ 195 ಕಿಲೋ ಆಸುಪಾಸು, ಸೀಟಿನ ಎತ್ತರ 80 ಸೆಂಟಿಮೀಟರಿಗೆ ತುಸು ಹೆಚ್ಚು. ಮೊಮ್ಮಗಳ ಎತ್ತರ ಐದಡಿ ಮೂರಂಗುಲ. ಓಡುವಾಗ ಯಾವ ಗಾಡಿಯೂ ಹಗುರವೇ. ಭಾರ ತಿಳಿಯುವುದು ಅದನ್ನು ಹಿಂದಕ್ಕೆ ತಳ್ಳುವಾಗ, ಇಳಿಜಾರಿನಲ್ಲಿ ನಿಲ್ಲಿಸುವಾಗ. ಅದಕ್ಕೇ ಷೋರೂಮಿನಲ್ಲಿ ಫೋಟೋ ತೆಗೆಸಿಕೊಂಡು ಬರಬೇಡಿ. ಎರಡು ಪಾದವೂ ಊರುತ್ತವೆಯೇ, ಯಾರ ಸಹಾಯವಿಲ್ಲದೆ ಸ್ಟ್ಯಾಂಡಿನಿಂದ ಎತ್ತಿ ನಾಲ್ಕು ಹೆಜ್ಜೆ ತಳ್ಳಲಾಗುತ್ತದೆಯೇ, ನೋಡಿ. ಕಡ್ಡಿ ಚಕ್ರದೊಳಗೆ ಟ್ಯೂಬು ಇದ್ದರೆ ಪಂಕ್ಚರ್ ಆದಾಗ ಚಕ್ರ ಬಿಚ್ಚಬೇಕು, ಅದನ್ನೂ ವಿಚಾರಿಸಿ. ಮನೆಗೂ ಆಫೀಸಿಗೂ ಸರ್ವಿಸ್ ಸೆಂಟರ್ ಎಷ್ಟು ದೂರ ಎಂಬುದನ್ನು ಬರೆದಿಟ್ಟುಕೊಳ್ಳಿ.

ಕಂತಿನ ಒಳಗುಟ್ಟು

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಎರಡೂ ಈ ಗೆರೆಯ ಒಳಗೇ ಇವೆ. ಆದರೆ ಷೋರೂಮಿನ ಬೆಲೆಯ ಮೇಲೆ ರಸ್ತೆ ತೆರಿಗೆ, ಐದು ವರ್ಷದ ಕಡ್ಡಾಯ ಥರ್ಡ್ ಪಾರ್ಟಿ ವಿಮೆ, ನೋಂದಣಿ ಖರ್ಚು ಸೇರುತ್ತವೆ. 'ಆನ್ ರೋಡ್' ಬೆಲೆಯನ್ನೇ ಕೇಳಿ ಹೋಲಿಸಿ.

ಇನ್ನು ಸಾಲ. ಒಂದೂವರೆ ಲಕ್ಷ ರೂಪಾಯಿ, ಮೂರು ವರ್ಷ, ಬಡ್ಡಿ ಶೇ 10 ಎನ್ನಿ. ಕಟ್ಟಿದ ಹಾಗೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಕಂತು ಸುಮಾರು 4,840 ರೂಪಾಯಿ. ಒಟ್ಟು ಬಡ್ಡಿ 24,240. ಅದೇ ಶೇ 10ನ್ನು 'ಫ್ಲ್ಯಾಟ್ ರೇಟ್' ಎಂದರೆ ಮೂರು ವರ್ಷವೂ ಪೂರ್ತಿ ಅಸಲಿಗೆ ಬಡ್ಡಿ: 45,000. ಕಂತು 5,417. ಕಿವಿಗೆ ಬೀಳುವ ದರ ಒಂದೇ, ಜೇಬಿನಿಂದ ಹೋಗುವುದು ಇಪ್ಪತ್ತು ಸಾವಿರಕ್ಕೂ ಜಾಸ್ತಿ. ಆ ಹಣದಲ್ಲಿ ಒಳ್ಳೆಯ ಐಎಸ್‌ಐ ಹೆಲ್ಮೆಟ್ ಎರಡು ಬಂದು, ಸರ್ವಿಸಿಗೂ ಮಿಗುತ್ತದೆ. ಶೇಕಡಾ ಎಷ್ಟು ಎಂದು ಕೇಳುವ ಬದಲು ಒಟ್ಟು ಎಷ್ಟು ಕಟ್ಟುತ್ತೇನೆ ಎಂದು ಕೇಳಿ, ಬರೆಸಿಕೊಳ್ಳಿ.

ಮೊಮ್ಮಗಳು ಎರಡನ್ನೂ ಒಂದೇ ದಿನ, ತಾನು ದಿನವೂ ಹೋಗುವಂಥ ಗಿಜಿಗುಡುವ ರಸ್ತೆಯಲ್ಲೇ ಓಡಿಸಿ ನೋಡಿದಳು. ಜಾವಾ ಓಡಿಸುವಾಗ ಹೆಚ್ಚು ಖುಷಿಯಾಯಿತಂತೆ. ಆದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಕ್ಲಾಸಿಕ್‌ನಲ್ಲಿ ಸುಮಾರು ಆರು ಸೆಂಟಿಮೀಟರ್ ಅಂತರ ಕಡಿಮೆ. ಅವಳ ಅಪಾರ್ಟ್‌ಮೆಂಟಿನ ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ತಿರುಗಿಸಲು ಅದೇ ಸುಲಭವೆನಿಸಿತು. ಕ್ಲಾಸಿಕ್ ಬುಕ್ ಮಾಡಿದಳು. ದಿನವೂ ಮೈಸೂರು ರಸ್ತೆಯಲ್ಲಿ ದೂರ ಹೋಗುವವಳಾಗಿದ್ದರೆ ಉತ್ತರ ಬೇರೆಯಾಗುತ್ತಿತ್ತೋ ಏನೋ.

ನನಗೆ ಜಾವಾ ಬರಲಿಲ್ಲವೆಂದು ಒಂದಿಷ್ಟು ಪಿಚ್ಚೆನಿಸಿದ್ದು ನಿಜ. ಆದರೆ ಹ್ಯಾಂಡಲ್ ಹಿಡಿಯುವುದು ಅವಳು, ಕಂತು ಕಟ್ಟುವುದೂ ಅವಳು. ಮನೆಯ ಹಿರಿಯರು ಲೆಕ್ಕ ಸರಿಯಿದೆಯೇ ನೋಡಿಕೊಟ್ಟು, ಆಯ್ಕೆಯನ್ನು ಓಡಿಸುವವರಿಗೇ ಬಿಡುವುದು ಒಳ್ಳೆಯದು.